ಗೂಬೆ ಕೂಗಿದ ಪಿನ್ನು

ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದ ಪಿನ್ನು ಇರಲಿಲ್ಲ.

ರುದ್ರಾಣಿ ಬೆಂಚಿನ ಕೆಳಗೆ ನೋಡಿದಳು, ಗುಜರಿಯ ಡ್ರಮ್ಮಿನೊಳಗೆ ಕೈ ಹಾಕಿ ಕೆದಕಿದಳು, ಕಬ್ಬಿಣದ ಸಿಪ್ಪೆ ಚುಚ್ಚಿ ಬೆರಳಲ್ಲಿ ರಕ್ತ ಬಂತು. ಪಿನ್ನು ಮಾತ್ರ ಸಿಗಲಿಲ್ಲ. ಗ್ರೈಂಡಿಂಗ್ ಮಿಸ್ತ್ರಿ ರಸೂಲ್ ಕೈ ಒರೆಸಿಕೊಳ್ಳುತ್ತ ಬಂದು, "ಎಲ್ಲಿ ಅಕ್ಕಾರೆ, ಅದೇನೋ ತೋರಿಸ್ತೀನಿ ಅಂದ್ರಲ್ಲ?" ಎಂದ. ಹಿಂದಿನ ದಿನ ಅವನು ನಮಾಜಿಗೆ ಹೋಗಿದ್ದಾಗ ಸಿಕ್ಕಿದ ಪಿನ್ನು ಅದು. ಬಿರುಕು ಎಲ್ಲಿ ಬಿದ್ದಿದೆ ಎಂದು ಅವನಿಗೆ ತೋರಿಸಬೇಕೆಂದೇ ಅವಳು ಅದನ್ನು ಗುಜರಿಗೆ ಎಸೆಯದೆ ಕಿಟಕಿಯ ಮೇಲಿಟ್ಟಿದ್ದಳು.

ಚನ್ನಗಿರಿಯಲ್ಲಿ ಪಂಚಾಕ್ಷರಪ್ಪನವರ ಲೇತ್ ಶೆಡ್ಡು ಎಂದರೆ ಬಸ್ಸಿನವರಿಗೆಲ್ಲ ಗೊತ್ತು. ಅಲ್ಲಿ ಕಿಂಗ್ ಪಿನ್ನು ಮಾಡುತ್ತಾರೆ. ಬಸ್ಸಿನ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗುವುದು ಗೇಣುದ್ದದ ಆ ಉಕ್ಕಿನ ಗೂಟದ ಮೇಲೆ. ಅದು ಮುರಿದರೆ ಸ್ಟೇರಿಂಗು ಡ್ರೈವರನ ಕೈಯಲ್ಲಿರುತ್ತದೆ, ಚಕ್ರ ತನ್ನ ಪಾಡಿಗೆ ತಾನು ಹೋಗುತ್ತದೆ. ರುದ್ರಾಣಿ ಆ ಮನೆಯ ಸೊಸೆ. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದಳು. ಅವಳು ತಟ್ಟಿದ ರೊಟ್ಟಿಯನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲವಾದ್ದರಿಂದ ಅಡುಗೆಮನೆ ಅವಳನ್ನು ಸುಲಭವಾಗಿ ಬಿಟ್ಟುಕೊಟ್ಟಿತು. ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಬೆಂಗಳೂರಿನಿಂದ ಪೋಸ್ಟಿನಲ್ಲಿ ಸಾಮಾನು ತರಿಸಿ, ಶೆಡ್ಡಿನ ಮೂಲೆಯಲ್ಲಿ ಕೂತು, ಒಂದು ತಗಡಿನ ಪೆಟ್ಟಿಗೆ ಕಟ್ಟಿದಳು.

ಆ ಪೆಟ್ಟಿಗೆಯೊಳಗೆ ಒಂದು ಪುಟ್ಟ ದೀಪ. ಅದರಿಂದ ಬರುವುದು ಇನ್‌ಫ್ರಾರೆಡ್ ಬೆಳಕು, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಆ ಬೆಳಕನ್ನು ಮಾತ್ರ ಗುರುತಿಸುವ ಇನ್ನೊಂದು ಪುಟ್ಟ ಕಣ್ಣು. ಎರಡರ ಎದುರಿಗೆ ಪಿನ್ನನ್ನು ಮೆಲ್ಲಗೆ ತಿರುಗಿಸಬೇಕು. ಮೈ ನುಣ್ಣಗಿದ್ದರೆ ಬೆಳಕು ಒಂದೇ ಸಮ ವಾಪಸು ಬರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಬೆಳಕು ಅಲ್ಲಿ ಇಂಗಿಹೋಗಿ, ಮೀಟರಿನ ಮುಳ್ಳು ಕೆಳಗೆ ಬಿದ್ದು, ಪೆಟ್ಟಿಗೆ 'ಹೂಂ' ಎಂದು ಕೂಗುತ್ತದೆ. ಹೊರಗಿನ ಬಿಸಿಲು ಬೀಳದಿರಲೆಂದು ಅದರ ಮೇಲೆ ಕರಿ ಕಂಬಳಿ ಹೊದಿಸಿರುತ್ತಿದ್ದಳು. ಕತ್ತಲಲ್ಲಿ ಕೂತು ಕೂಗುವ ಪೆಟ್ಟಿಗೆಗೆ ಗೂಬೆ ಎಂದು ಹೆಸರಿಟ್ಟವನು ರಸೂಲ್. ಹೆಸರು ನಿಂತುಬಿಟ್ಟಿತು.

ಅತ್ತೆ ಶಿವಗಂಗಮ್ಮನಿಗೆ ಮಾತ್ರ ಮೈಯೆಲ್ಲ ಉರಿ. "ಮನೆ ಮ್ಯಾಲೆ ಗೂಬೆ ಕೂತ್ರೆ ಜನ ಮನೆನೇ ಬಿಡ್ತಾರೆ. ನಮ್ಮ ಸೊಸೆ ಒಳಗೇ ತಂದು ಕೂರಿಸ್ಯಾಳೆ" ಎಂದು ಓಣಿಗೆಲ್ಲ ಹೇಳಿದರು. ಅವರದೊಂದು ಹಳೆಯ ಪದ್ಧತಿಯಿತ್ತು. ಪ್ರತಿ ಸಲ ಹೊಸ ಪಿನ್ನುಗಳು ತಯಾರಾದಾಗ ಎಲ್ಲಕ್ಕಿಂತ ಚೆನ್ನಾಗಿರುವ ಒಂದನ್ನು ಆರಿಸಿ, ದೃಷ್ಟಿಯಾಗದಿರಲೆಂದು ಕಾಡಿಗೆಯ ಬೊಟ್ಟಿಡುವುದು. ಕಪ್ಪು ಕಾಡಿಗೆ ಕಣ್ಣಿಗೆ ಕಾಣದ ಆ ಬೆಳಕನ್ನೂ ನುಂಗುತ್ತದೆ. ಹಾಗಾಗಿ ಪೆಟ್ಟಿಗೆ ಮೊದಲ ದಿನವೇ ಅತ್ತೆ ಆರಿಸಿದ ಪಿನ್ನಿನ ಮೇಲೆ ಕೂಗಿಬಿಟ್ಟಿತು. ಅವತ್ತು ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಮಾವ ಒಂದು ರಾಜಿ ಮಾಡಿಸಿದರು. ಬೊಟ್ಟಿನ ಪಿನ್ನನ್ನು ಗೂಬೆಗೆ ತೋರಿಸುವುದು ಬೇಡ, ಕಿಟಕಿಯ ಮೇಲಿರಲಿ. ಕೊನೆಯಲ್ಲಿ ತಾವೇ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಕಳಿಸುವುದಾಗಿ ಹೇಳಿದರು. ಬೊಟ್ಟಿನ ಪಿನ್ನು ಎಂದರೆ ಶೆಡ್ಡಿನಲ್ಲಿ ಎಲ್ಲರಿಗೂ ಚೊಕ್ಕಟ ಪಿನ್ನು ಎಂದೇ ಅರ್ಥ.

ಅವಳು ಪಿನ್ನು ಹುಡುಕುತ್ತಿದ್ದಾಗ ಮಾವ ಪಂಚಾಕ್ಷರಪ್ಪನವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಮಾವ, ಕಿಟಕಿ ಮ್ಯಾಲೆ ಒಂದು ಪಿನ್ನಿಟ್ಟಿದ್ದೆ."

"ಬೊಟ್ಟಿಂದಾ? ನಿನ್ನೆ ಮಧ್ಯಾಹ್ನ ನ್ಯಾಮತಿಯಿಂದ ಬಸ್ಸಿನ ಪಾಪಣ್ಣೋರ ಆಳು ಬಂದು ಕುಣೀತಿದ್ದ, ಗಾಡಿ ಎತ್ತಿ ನಿಲ್ಲಿಸೀವಿ, ಜೋಡಿ ಪಿನ್ನು ಈಗಲೇ ಬೇಕು ಅಂತ. ಅದನ್ನ ಒರೆಸಿ, ಇನ್ನೊಂದರ ಜೋಡಿ ಕಟ್ಟಿ ಕೊಟ್ಟೆ."

"ಅದಕ್ಕೆ ಬೊಟ್ಟಿರಲಿಲ್ಲ ಮಾವ. ಬೊಟ್ಟಿನ ಪಿನ್ನು ಮೊನ್ನೇನೇ ಹೋತು. ಇದು ಗೂಬೆ ಕೂಗಿದ್ದು."

"ಬೊಟ್ಟಿತ್ತಮ್ಮ. ನನ್ನ ಕೈಯ್ಯಾಗೇ ಒರೆಸೀನಿ, ಕಪ್ಪು ಹತ್ತಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಶಿವಗಂಗಮ್ಮ ನಿನ್ನೆ ಮಧ್ಯಾಹ್ನ ಮಜ್ಜಿಗೆ ತಂದಿದ್ದರು. ಗೂಬೆ ಕೂಗಿದಾಗ ಬಾಗಿಲಲ್ಲೇ ಇದ್ದರು. ರುದ್ರಾಣಿ ಆ ಪಿನ್ನನ್ನು ಒರೆಸಿ ಮತ್ತೆ ಇಟ್ಟಳು, ಅದು ಮತ್ತೆ ಕೂಗಿತು. ಕಿಟಕಿಯ ಮೇಲಿಟ್ಟು ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಇನ್ಯಾರು ಬೊಟ್ಟಿಟ್ಟಾರು? ಅತ್ತೆ ಯಾಕೆ ಹಾಗೆ ಮಾಡಿದರೆಂದು ಕೇಳಬೇಕೆಂದರೆ ಅತ್ತೆ ಮನೆಯಲ್ಲಿರಲಿಲ್ಲ. ಜಗಳೂರಿನಲ್ಲಿ ಮಗಳು ಪ್ರೇಮಮ್ಮ ಬಾಣಂತಿ, ಅವಳಿಗೆ ಅಂಟಿನುಂಡೆ ಕೊಟ್ಟುಬರಲು ಬೆಳಿಗ್ಗೆ ಬಸ್ಸು ಹತ್ತಿದ್ದರು. ನ್ಯಾಮತಿಯಿಂದ ಹೊನ್ನಾಳಿ, ಚನ್ನಗಿರಿ, ಸಂತೇಬೆನ್ನೂರು, ದಾವಣಗೆರೆ ಮೇಲೆ ಜಗಳೂರಿಗೆ ಹೋಗುವ ಪಾಪಣ್ಣನವರ ಬಸ್ಸು. ಡಬ್ಬಿ ಹೊತ್ತು ಹೋಗಿ, ಕಿಟಕಿ ಪಕ್ಕದ ಮುಂದಿನ ಸೀಟು ಹಿಡಿದುಕೊಟ್ಟು, ಜೋಪಾನ ಎಂದು ಹೇಳಿ ಬಂದವಳು ರುದ್ರಾಣಿಯೇ.

"ಯಾವ ಗಾಡಿ ಎತ್ತಿ ನಿಲ್ಲಿಸಿದ್ರಂತೆ ಮಾವ?"

"ಜಗಳೂರು ಗಾಡಿ" ಎಂದರು ಪಂಚಾಕ್ಷರಪ್ಪ. ಹೇಳಿದ ಮೇಲೆ ಅದು ಅವರ ಕಿವಿಗೇ ಬಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತರು.

ಮನುಷ್ಯನ ಬುದ್ಧಿ ನೋಡಿ, ಇಂಥ ಹೊತ್ತಿನಲ್ಲೂ ಮೊದಲು ಅಂಗಡಿಯ ಕಡೆಗೇ ಹೋಗುತ್ತದೆ. "ನಿನ್ನ ಪೆಟ್ಟಿಗೆ ತಪ್ಪಿರಬಹುದಲ್ಲೇನಮ್ಮ?" ಎಂದರು. "ದಾರಿಯಾಗೆ ಬಸ್ಸು ನಿಲ್ಲಿಸಿ ನಮ್ಮ ಪಿನ್ನು ಸರಿ ಇಲ್ಲ ಅಂತ ಸಾರಿ ಬಂದ್ರೆ, ನಾಳೆ ಈ ಶೆಡ್ಡಿಗೆ ಯಾರು ಬರ್ತಾರೆ?" ರುದ್ರಾಣಿ ಆಗಲೇ ಬಾಗಿಲ ಕಡೆ ಹೊರಟಿದ್ದಳು. ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಮಾವ ಇನ್ನೂ ಏನೋ ಹೇಳುವವರಿದ್ದರು, ಆದರೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ಅವಳು ಮುಂದ್ಗಡೆ ಸೀಟಿನಾಗೇ ಕೂತಿರ್ತಾಳೆ. ರಸೂಲ್, ಗಾಡಿ ತೆಗಿಯಪ್ಪ" ಎಂದರು. ಫೋನಿನ ಯೋಚನೆಯನ್ನು ಯಾರೂ ಮಾಡಲಿಲ್ಲ. ಆ ಕಾಲದಲ್ಲಿ ಟ್ರಂಕ್ ಕಾಲ್ ಸಿಗುವಷ್ಟರಲ್ಲಿ ಬಸ್ಸು ಜಗಳೂರು ಮುಟ್ಟಿ ವಾಪಸು ಬಂದಿರುತ್ತಿತ್ತು.

ರಾಜ್‌ದೂತ್ ಮೋಟಾರ್‌ಸೈಕಲ್ಲಿಗೆ ಒಂದು ಕೆಟ್ಟ ಚಾಳಿಯಿತ್ತು, ಅವಸರವಿದ್ದ ದಿನ ಸ್ಟಾರ್ಟ್ ಆಗುತ್ತಿರಲಿಲ್ಲ. ರಸೂಲ್ ಒದ್ದ, ಬೈದ, ಮತ್ತೆ ಒದ್ದ. ಹೊಗೆ ಕಾರಿಕೊಂಡು ಅದು ಎದ್ದಿತು. ರುದ್ರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಡೆ ಕಾಲು ಹಾಕಿ ಹಿಂದೆ ಕೂತಳು. ಪೇಟೆಯ ಬೀದಿಯಲ್ಲಿ ಅಡಿಕೆ ಮಂಡಿಯ ಜನ ಬಾಯಿ ತೆರೆದು ನೋಡಿದರು. ನೋಡಿಕೊಳ್ಳಲಿ ಎಂದುಕೊಂಡಳು.

"ಅಕ್ಕಾರೆ, ಆ ಪಿನ್ನು ಗ್ರೈಂಡಿಂಗ್ ಮಾಡಿದ್ದು ನಾನು" ಎಂದ ರಸೂಲ್, ಗಾಳಿಯಲ್ಲಿ ತಲೆ ಹಿಂದೆ ತಿರುಗಿಸಿ. "ಕನ್ನಡಿ ಹಂಗೆ ಬಂದಿತ್ತು. ನಂಗೇನೂ ಕಾಣಲಿಲ್ಲ."

"ಯಾರಿಗೂ ಕಾಣಲ್ಲ ರಸೂಲ್. ಗಟ್ಟಿಯಾಗ್ಲಿ ಅಂತ ಕಾಸಿ ಎಣ್ಣೆಗೆ ಅದ್ದಿದಾಗಲೇ ಬಿರಿದಿರ್ತೈತೆ. ನೀನು ರಸ್ತೆ ನೋಡು."

ಅವನು ರಸ್ತೆ ನೋಡಿದ. ಗುಂಡಿ ಬಿದ್ದ ಟಾರು, ಮಧ್ಯೆ ಮಧ್ಯೆ ಮೆಕ್ಕೆಜೋಳದ ತೆನೆ ಹೇರಿದ ಗಾಡಿಗಳು. ಪ್ರತಿ ತಿರುವಿನಲ್ಲೂ ಅವಳು ರಸೂಲನ ಭುಜದ ಮೇಲಿಂದ ಮುಂದೆ ಬಗ್ಗಿ ನೋಡುತ್ತಿದ್ದಳು. ತಿರುವಿನಾಚೆ ಬಸ್ಸು ಬಿದ್ದಿರಬಹುದು, ಸುತ್ತ ಜನ ಸೇರಿರಬಹುದು, ಅಂಟಿನುಂಡೆ ರಸ್ತೆಯ ತುಂಬ ಉರುಳಿರಬಹುದು ಎಂದು ನೋಡುವ ಮುಂಚೆಯೇ ಕಣ್ಣಿಗೆ ಕಟ್ಟುತ್ತಿತ್ತು. ತಿರುವು ದಾಟಿದರೆ ಬರಿಯ ರಸ್ತೆ. ಒಂದು ಗಳಿಗೆ ಸಮಾಧಾನ, ಆಮೇಲೆ ಮತ್ತೊಂದು ತಿರುವು. ನೇರ ರಸ್ತೆಯಲ್ಲಿ ಪಿನ್ನಿಗೆ ಅಷ್ಟು ಭಾರ ಬೀಳುವುದಿಲ್ಲ, ತಿರುವಿನಲ್ಲೇ ಬೀಳುವುದು ಎಂದು ಅವಳಿಗೆ ಗೊತ್ತಿತ್ತು. ಓದಿದ್ದು ಅವತ್ತು ಅವಳಿಗೆ ಯಾವ ಉಪಕಾರವನ್ನೂ ಮಾಡಲಿಲ್ಲ. ಸಂತೇಬೆನ್ನೂರಿಗೆ ಮುಂಚೆ ಒಂದು ಕೆರೆ ಏರಿ ಬರುತ್ತದೆ. ರಸ್ತೆ ಆ ಏರಿಯ ಮೇಲೇ ಹೋಗುತ್ತದೆ. ಒಂದು ಕಡೆ ತುಂಬಿದ ಕೆರೆ, ಇನ್ನೊಂದು ಕಡೆ ತೆಂಗಿನೆತ್ತರದ ಇಳಿಜಾರು. ಏರಿಯನ್ನು ಹತ್ತುವಲ್ಲಿ ರಸ್ತೆ ಗಕ್ಕನೆ ತಿರುಗುತ್ತದೆ.

ಏರಿಯ ಬುಡದ ಆಲದ ಮರದ ಹತ್ತಿರ ಬಸ್ಸು ನಿಂತಿತ್ತು. ಯಾರೋ ಇಳಿದು, ಮೇಲಿನಿಂದ ಗೊಬ್ಬರದ ಚೀಲ ಇಳಿಸಿಕೊಳ್ಳುತ್ತಿದ್ದರು. ಚೀಲ ಇಳಿಯಿತು. ಕಂಡಕ್ಟರ್ ದಾಸಪ್ಪ ಬಾಗಿಲು ಬಡಿದ. ಬಸ್ಸು ಕದಲಿತು. ರಸೂಲ್ ಹಾರನ್ ಒತ್ತಿದ, ಅದು ಕೆಟ್ಟು ವರ್ಷವಾಗಿತ್ತು. ಬಸ್ಸಿನ ಪಕ್ಕದಲ್ಲೇ ನುಗ್ಗಿಸಿ, ಮುಂದೆ ಹೋಗಿ, ಮೋಟಾರ್‌ಸೈಕಲ್ಲನ್ನು ರಸ್ತೆಗೆ ಅಡ್ಡ ಹಾಕಿಬಿಟ್ಟ.

ಬ್ರೇಕು ಕಿರುಚಿತು. ಡ್ರೈವರ್ ಫಕೀರಸಾಬ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಗಡ್ಡ ಬೆಳ್ಳಗಾದ, ಆ ರಸ್ತೆಯಲ್ಲೇ ಮುದುಕರಾದ ಮನುಷ್ಯ. "ಏ ರಸೂಲ್! ಸಾಯಾಕೆ ನನ್ನ ಗಾಡಿನೇ ಬೇಕಿತ್ತೇನೋ?"

"ಸಾಬ್ರೆ, ಎಲ್ರನ್ನೂ ಇಳಿಸ್ರಿ" ಎಂದಳು ರುದ್ರಾಣಿ. "ನಿನ್ನೆ ಹಾಕಿದ ಜೋಡಿಯಾಗೆ ಒಂದು ಪಿನ್ನು ಬಿರುಕು ಬಿಟ್ಟೈತೆ."

"ನಾನೇ ನಿಂತು ಹಾಕ್ಸೀನಿ ತಾಯಿ. ಬೆಣ್ಣೆ ಹಂಗೆ ಕೂತಾವೆ. ನ್ಯಾಮತಿಯಿಂದ ಇಲ್ಲೀತಂಕ ಒಂದು ಸದ್ದಿಲ್ಲ. ಯಾವ ಕಡೆ ಚಕ್ರದ್ದು?"

"ಗೊತ್ತಿಲ್ಲ."

"ಬಿರುಕು ನೀವು ಕಣ್ಣಾರೆ ನೋಡೀರಾ?"

"ಕಣ್ಣಿಗೆ ಕಾಣಲ್ಲ ಅದು. ಪೆಟ್ಟಿಗೆ ಕೂಗ್ತು."

ಬಸ್ಸು ಗೊಳ್ಳೆಂದು ನಕ್ಕಿತು. ಗೂಬೆಯ ವಿಷಯ ಚನ್ನಗಿರಿ ಸೀಮೆಗೆಲ್ಲ ಗೊತ್ತಿದ್ದದ್ದೇ. ನಲ್ಲೂರಿನ ಅಡಿಕೆ ವ್ಯಾಪಾರಿಯೊಬ್ಬ ಎರಡನೇ ಸೀಟಿನಿಂದ, "ಬೆಕ್ಕು ಅಡ್ಡ ಬಂದ್ರೆ ನಿಲ್ಲಿಸೋದು ನೋಡಿದ್ದೆ. ಗೂಬೆ ಕೂಗ್ತು ಅಂತ ಬಸ್ಸು ನಿಲ್ಲಿಸೋದು ಇದೇ ಮೊದಲು" ಎಂದ. ಮತ್ತೆ ನಗೆ. ದಾಸಪ್ಪ ಶಿಳ್ಳೆಯನ್ನು ಬಾಯಿಗಿಟ್ಟುಕೊಂಡ. ದಾವಣಗೆರೆಯಲ್ಲಿ ಹಿಂದಿನ ಬಸ್ಸಿನವನು ಪ್ಯಾಸೆಂಜರುಗಳನ್ನೆಲ್ಲ ತುಂಬಿಕೊಂಡು ಹೋಗುತ್ತಾನೆಂಬ ಚಿಂತೆ ಅವನಿಗೆ. ರುದ್ರಾಣಿಗೆ ಅಳು ಬರುವಂತಾಯಿತು. ಅತ್ತರೆ ಕೆಲಸ ಕೆಡುತ್ತದೆಂದು ತಡೆದುಕೊಂಡಳು.

ಅಷ್ಟರಲ್ಲಿ ಶಿವಗಂಗಮ್ಮ ಡಬ್ಬಿ ಸಮೇತ ಇಳಿದು ಬಂದರು. ಬಂದವರೇ ಸೊಸೆಯ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ನೋಡಿದರು, ಮೋಟಾರ್‌ಸೈಕಲ್ಲನ್ನು ನೋಡಿದರು. "ಹಿಂಗೇನೇ ಬಂದೆ ನೀನು, ಊರ ಮುಂದೆ? ಅತ್ತ ಒಂದು ಕಾಲು, ಇತ್ತ ಒಂದು ಕಾಲು ಹಾಕ್ಕೊಂಡು?"

"ಅತ್ತೆ, ಆಮ್ಯಾಲೆ ಬೈರಿ. ನಿನ್ನೆ ಕಿಟಕಿ ಮ್ಯಾಲಿದ್ದ ಪಿನ್ನಿಗೆ ಬೊಟ್ಟಿಟ್ಟಿದ್ದು ನೀವೇನಾ?"

ಶಿವಗಂಗಮ್ಮ ಬಸ್ಸಿನ ಕಿಟಕಿಗಳ ಕಡೆ ಒಮ್ಮೆ ನೋಡಿದರು.

ಅವರು ದಡ್ಡ ಹೆಂಗಸಲ್ಲ. ಪ್ರಶ್ನೆಯ ಹಿಂದೆ ಏನಿದೆ ಎಂದು ಅವರಿಗೆ ಒಂದೇ ಕ್ಷಣದಲ್ಲಿ ಹೊಳೆಯಿತು. ಇಲ್ಲ ಎಂದರೆ ಮುಗಿಯಿತು, ಸೊಸೆಯ ಪೆಟ್ಟಿಗೆಯ ಹುಚ್ಚು ಎಂದು ಬಸ್ಸು ನಕ್ಕು ಹೊರಡುತ್ತದೆ. ಹೌದು ಎಂದರೆ ಆ ಬಸ್ಸಿನಲ್ಲಿದ್ದ ಜಗಳೂರಿನ ಬೀಗರ ಕಡೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ, ಗೂಬೆಯನ್ನು ತಂದು ಆಕೆಯ ತಲೆಯ ಮೇಲೇ ಕೂರಿಸುತ್ತಾರೆ. ಹುಟ್ಟಿದಾಗಿನಿಂದ ಆಕೆ ತಪ್ಪು ಒಪ್ಪಿಕೊಂಡವರಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಅದು ಉಪ್ಪು ಮಾರಿದವನ ತಪ್ಪು. ರುದ್ರಾಣಿ ಅವರ ಮುಖವನ್ನೇ ನೋಡುತ್ತ ನಿಂತಳು. ಫಕೀರಸಾಬರ ಕಾಲು ಆಕ್ಸಿಲರೇಟರಿನ ಮೇಲೇ ಇತ್ತು, ಎಂಜಿನ್ನು ಗುರುಗುಟ್ಟುತ್ತಿತ್ತು.

"ಇಟ್ಟೆ" ಎಂದರು ಶಿವಗಂಗಮ್ಮ.

"ಯಾಕಿಟ್ರಿ ಅತ್ತೆ? ಚೊಕ್ಕಟ ಪಿನ್ನು ಅಂತಾನಾ?"

"ಅಲ್ಲ. ಕೂಗ್ತಲ್ಲ, ಎರಡು ಸಲ, ಅದಕ್ಕೆ. ದೃಷ್ಟಿ ತಾಕೈತೆ ಅನ್ಕಂಡೆ. ಬೊಟ್ಟಿಟ್ರೆ ಇಳೀತೈತೆ ಅನ್ಕಂಡೆ." ಆಮೇಲೆ ಅವರು ಬಸ್ಸಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಕೇಳಿದ್ರೇನ್ರಿ? ಕೆಟ್ಟ ಪಿನ್ನಿಗೆ ನಾನು ಬೊಟ್ಟಿಟ್ಟೆ, ನಮ್ಮನೆಯವರು ಅದನ್ನ ಒಳ್ಳೇದು ಅನ್ಕಂಡು ಕಳಿಸಿದ್ರು. ನಗಾಕೆ ಆಮ್ಯಾಲೆ ಟೈಮೈತೆ. ಇಳೀರಿ ಮೊದಲು."

ಮೊದಲು ಇಳಿದವಳು ಎಳೆಗೂಸನ್ನೆತ್ತಿಕೊಂಡಿದ್ದ ಗಾದ್ರಮ್ಮ ಎಂಬಾಕೆ. ಆಕೆಯ ಹಿಂದೆ ಇನ್ನಿಬ್ಬರು, ಅವರ ಹಿಂದೆ ಗೊಣಗುತ್ತ ಎಲ್ಲರೂ. ನಲ್ಲೂರಿನ ವ್ಯಾಪಾರಿ ಮಾತ್ರ ಟಿಕೆಟ್ ತೋರಿಸುತ್ತ ಕೂತೇ ಇದ್ದ. ಶಿವಗಂಗಮ್ಮ ಮತ್ತೆ ಹತ್ತಿ ಹೋಗಿ ಅವನ ಕೈಚೀಲವನ್ನೇ ಎತ್ತಿಕೊಂಡು ಇಳಿದುಬಿಟ್ಟರು. ಚೀಲದ ಹಿಂದೆ ಅವನೂ ಓಡಿಬಂದ.

ಫಕೀರಸಾಬರಿಗೆ ಇನ್ನೂ ನಂಬಿಕೆಯಿರಲಿಲ್ಲ. "ರಸ್ತೆ ಮಧ್ಯ ಬ್ಯಾಡ, ಬದಿಗೆ ಹಾಕಿ ಬಿಚ್ಚಿ ನೋಡಾನ" ಎಂದರು. ರುದ್ರಾಣಿ ಬೇಡ ಎಂದು ಕೈಯೆತ್ತಿದಳು. "ಆಮೆ ಹಂಗೆ ಹೋಗ್ತೀನಿ ತಾಯಿ" ಎನ್ನುತ್ತ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಎಡಕ್ಕೆ ಎಳೆದರು. ಖಾಲಿ ಬಸ್ಸು ಮಾರುದ್ದ ಕದಲಿತು.

ಟಕ್ ಎಂದಿತು. ದೊಡ್ಡ ಸದ್ದೇನಲ್ಲ, ಒಣ ಅಡಿಕೆ ಒಡೆದಷ್ಟು. ಮುಂದಿನ ಎಡಚಕ್ರ ಹೊರಗೆ ವಾಲಿತು. ಬಸ್ಸಿನ ಮೂತಿ ನೆಲಕ್ಕೆ ಕುಸಿದು, ಟಾರನ್ನು ಉತ್ತುಕೊಂಡು ಹೋಗಿ, ಆಲದ ಬೇರಿಗೆ ತಾಗಿ ನಿಂತಿತು.

ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು, ಮುಂದೆ ಕಾಣುತ್ತಿದ್ದ ಏರಿಯ ತಿರುವಿನ ಕಡೆ, ಅದರ ಪಕ್ಕದ ನೀರಿನ ಕಡೆ. ಗಾದ್ರಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. ಫಕೀರಸಾಬ ಇಳಿದು ಬಂದು ರಸ್ತೆಯ ಮೇಲೇ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲ್ಲಾಹನನ್ನು ನೆನೆದರು.

ರಸೂಲ್ ಚಕ್ರದ ಕೆಳಗೆ ತೂರಿ ಪಿನ್ನಿನ ತುಂಡೊಂದನ್ನು ತಂದ. ಮುರಿದ ಬಾಯಲ್ಲಿ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಅದು ಈಗ ಮುರಿದದ್ದು. ಇನ್ನರ್ಧ ಕಪ್ಪು, ಅದು ಮೊದಲೇ ಬಿರಿದಿದ್ದು. ಶಿವಗಂಗಮ್ಮ ಅದನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿದರು.

"ಒಳ್ಳೇದಾಗ್ಲಿ ಅಂತಾನೇ ಇಟ್ಟೆ ಕಣೇ."

"ಗೊತ್ತು ಅತ್ತೆ."

"ಅದು ಕೂಗಿದ್ರೆ ಹಿಂಗಂತ ಅರ್ಥ ಅಂತ ನೀನು ನಂಗೆ ಒಂದಿನಾನಾದ್ರೂ ಕೂರಿಸ್ಕಂಡು ಹೇಳೀಯೇನೆ?"

ರುದ್ರಾಣಿ ಹೇಳಿರಲಿಲ್ಲ. ಈ ಹೆಂಗಸಿಗೆ ಏನು ತಿಳಿಯುತ್ತದೆ ಎಂದು ಬಿಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅತ್ತೆ ಜೀವಂತ ಎದುರಿಗೆ ನಿಂತು ಜಗಳವಾಡುತ್ತಿದ್ದಾರಲ್ಲ ಎಂದು ಸಂತೋಷವಾಗಿ, ತಡೆದುಕೊಂಡಿದ್ದ ಅಳು ಬಂದೇಬಿಟ್ಟಿತು.

ಅಷ್ಟರಲ್ಲಿ ಹಿಂದಿನಿಂದ ಹಾರನ್ ಕೇಳಿಸಿತು. ಹೊನ್ನಾಳಿಯಿಂದ ದಾವಣಗೆರೆಗೆ ಹೋಗುವ ಬಸ್ಸು, ಅದೂ ಪಾಪಣ್ಣನವರದೇ. ಅದರ ಡ್ರೈವರು ನಿಲ್ಲಿಸಿ, ವಿಷಯ ಕೇಳಿ, ಎಲ್ಲರೂ ಬರ್ರಿ ಎಂದ. ಜನ ಬದುಕಿದ ಖುಷಿಯಲ್ಲಿ ನುಗ್ಗಿ ಹತ್ತಿದರು. ನಲ್ಲೂರಿನ ವ್ಯಾಪಾರಿ ಎಲ್ಲರಿಗಿಂತ ಮೊದಲು ಕಿಟಕಿ ಸೀಟು ಹಿಡಿದ. ಗಾದ್ರಮ್ಮ ಮುಂದಿನ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಟವೆಲ್ಲು ಹಾಸಿ, "ಬರ್ರಿ ಅಮ್ಮಾ, ನಿಮಗೆ ಜಾಗ ಹಿಡಿದೀನಿ" ಎಂದು ಕರೆದಳು.

ಶಿವಗಂಗಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು. ಹಿಂದೆ ತಿರುಗಿದರು. "ಸಾಬ್ರೆ, ಈ ಗಾಡಿಗೆ ಯಾರ ಪಿನ್ನು?"

"ನಿಮ್ಮವೇ ಅಮ್ಮ" ಎಂದರು ಫಕೀರಸಾಬ. "ಪಾಪಣ್ಣೋರ ಗಾಡಿಗೆಲ್ಲ ನಿಮ್ಮನೆವೇ. ಇದಕ್ಕೆ ಹಾಕಿ ಎರಡು ವರ್ಷ ಆಗಿರಬೇಕು."

ಪೆಟ್ಟಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಅದಕ್ಕೆ ಮುಂಚೆ ಶೆಡ್ಡಿನಿಂದ ಹೋದ ಪಿನ್ನುಗಳನ್ನೆಲ್ಲ ನೋಡಿದ್ದು ಬರಿಗಣ್ಣು. ರುದ್ರಾಣಿ ಬಸ್ಸಿನ ಮುಂದಿನ ಚಕ್ರಗಳ ಕಡೆ ನೋಡಿದಳು.

"ಎರಡು ವರ್ಷ ಓಡೈತೆ ಅತ್ತೆ. ಏನೂ ಆಗಿಲ್ಲ" ಎಂದಳು. ಬೆಳಿಗ್ಗೆ ಮಾವ ಮಾತಾಡಿದ ದನಿಯಲ್ಲೇ ತಾನೂ ಮಾತಾಡುತ್ತಿದ್ದೇನೆ ಎಂದು ಅವಳಿಗೇ ಕೇಳಿಸಿತು. ಇನ್ನೊಂದು ಸಲ ಈ ಜನರನ್ನು ಇಳಿಸುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ಈ ಸಲ ಹೇಳಿಕೊಳ್ಳಲು ಗೂಬೆಯ ಒಂದು ಕೂಗೂ ಇರಲಿಲ್ಲ.

"ನಿನ್ನ ಗೂಬೆ ನೋಡೈತೇನು ಅವನ್ನ?"

"ಇಲ್ಲ."

ಶಿವಗಂಗಮ್ಮ ಮೆಟ್ಟಿಲಿಂದ ಕಾಲು ತೆಗೆದರು. ಡಬ್ಬಿಯನ್ನು ರಸ್ತೆಯ ಮೇಲಿಟ್ಟು, ಬಸ್ಸಿನ ಮುಂದೆ ಹೋಗಿ ನಿಂತರು. "ಹಂಗಾದ್ರೆ ಹೋಗಿ ಹೇಳು" ಎಂದರು.

ರುದ್ರಾಣಿ ಡ್ರೈವರನ ಬಾಗಿಲ ಹತ್ತಿರ ಹೋದಳು. "ಎಲ್ರನ್ನೂ ಇಳಿಸ್ರಿ" ಎಂದಳು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಅವನು ಗೇರು ಹಾಕಿದ. ಅವಳು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇದ್ದಷ್ಟೂ ದನಿಯೆತ್ತಿ ಕೂಗಿದಳು.